ಆ ಒಂದು ರನ್

ಚೆಂಡು ಅವನ ಎದೆಗೆ ಬಡಿಯಿತು. ನಾನು ರನ್ ಓಡಿದೆ.

ಇಷ್ಟೇ ವಿಷಯ. ಎಷ್ಟೋ ವರ್ಷ ಆಯಿತು. ಆದರೂ ಈ ಎರಡು ವಾಕ್ಯ ನನ್ನನ್ನು ಬಿಟ್ಟಿಲ್ಲ. ಆಟದ ಮೈದಾನದಲ್ಲಿ ಬೆಚ್ಚಿಬಿದ್ದ ಗಳಿಗೆ ಯಾವುದು ಅಂತ ಯಾರಾದರೂ ಕೇಳಿದರೆ ಎಲ್ಲರೂ ಹೇಳುವುದು ಚೆಂಡು ಬಡಿದ ಕತೆಯನ್ನೇ. ಯಾರಿಗೆ ಏಟಾಯಿತು, ಎಷ್ಟು ರಕ್ತ ಬಂತು, ಎಷ್ಟು ಹೊಲಿಗೆ ಹಾಕಿದರು, ಹೀಗೆ. ನನಗೆ ಮಾತ್ರ ಮೊದಲು ನೆನಪಾಗುವುದು ಆ ಏಟು ಬಿದ್ದ ಮೇಲಿನ ಮೂರ್ನಾಲ್ಕು ಸೆಕೆಂಡು. ಆಗ ನಾನು ಏನು ಮಾಡಿದೆ ಅನ್ನುವುದು.

ಅವನು ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ. ನನಗಿಂತ ಮೂರು ಹೆಜ್ಜೆ ದೂರ ಇರಬಹುದು, ಅಷ್ಟೇ. ಹೆಲ್ಮೆಟ್ ಇಲ್ಲ, ಎದೆಗೆ ಗಾರ್ಡ್ ಇಲ್ಲ. ಗಟ್ಟಿ ಲೆದರ್ ಬಾಲ್. ನನ್ನ ಹತ್ತಿರದ ಗೆಳೆಯ, ಆವತ್ತು ಮಾತ್ರ ಎದುರು ತಂಡದಲ್ಲಿ ಆಡುತ್ತಿದ್ದ. ಬಾಲು ಬಾಲಿಗೂ ಏನಾದರೂ ಕಿಚಾಯಿಸುತ್ತಾ ಇದ್ದ. ಒಂದು ಬಾಲ್ ಗಿಡ್ಡ ಬಿತ್ತು. ಹಿಂದೆ ಸರಿದು ಪುಲ್ ಮಾಡಿದೆ. ಬ್ಯಾಟಿನ ನಡುಮಧ್ಯಕ್ಕೆ ಸಿಕ್ಕಿತು. ಅಂಥ ಹೊಡೆತ ಬಿದ್ದಾಗ ಕೈಗೆ ಏನೂ ಗೊತ್ತಾಗುವುದಿಲ್ಲ, ಬೆಣ್ಣೆ ಕತ್ತರಿಸಿದ ಹಾಗೆ ಇರುತ್ತದೆ. ಅದರ ಖುಷಿ ಮೈಗೆ ಹತ್ತುವ ಮೊದಲೇ ಇನ್ನೊಂದು ಸದ್ದು ಕೇಳಿಸಿತು. ಬ್ಯಾಟಿನದು 'ಟಕ್'. ಇದು 'ದೊಪ್'. ದಿಂಬಿಗೆ ಗುದ್ದಿದ ಹಾಗೆ. ಚೆಂಡು ಅವನ ಪಕ್ಕದ ಹುಲ್ಲಿಗೆ ಬಿದ್ದದ್ದು ಕಂಡಿತು. ಅದರ ಹತ್ತಿರ ಬೇರೆ ಯಾರೂ ಇಲ್ಲ ಅನ್ನುವುದೂ ಕಂಡಿತು. ಆ ಕಡೆಯಿಂದ 'ಯೆಸ್' ಅಂತ ಕೂಗು ಬಂತು. ಓಡಿದೆ.

ಬೆನ್ನು ಅವನ ಕಡೆ, ಕಣ್ಣು ಗೆರೆಯ ಮೇಲೆ. ಬ್ಯಾಟ್ ಚಾಚಿ ಗೆರೆ ಮುಟ್ಟಿದೆ. ಆಮೇಲೆ ತಿರುಗಿ ನೋಡಿದೆ. ತಿರುಗಿದ್ದು ಅವನಿಗಾಗಿ ಅಲ್ಲ. ಎರಡನೇ ರನ್ ಇದೆಯಾ ಅಂತ ನೋಡುವುದಕ್ಕೆ.

ಅವನು ಮಂಡಿಯೂರಿದ್ದ. ಹಣೆ ನೆಲಕ್ಕೆ ತಾಗಿತ್ತು. ಎಡಗೈ ಎದೆಯನ್ನು ಅಮುಕಿ ಹಿಡಿದಿತ್ತು. ಬಲಗೈ ಹುಲ್ಲಿನ ಮೇಲೆ ಅತ್ತಿತ್ತ ಆಡುತ್ತಾ ಇತ್ತು, ಕತ್ತಲಲ್ಲಿ ಕನ್ನಡಕ ಹುಡುಕುವವರ ಕೈ ಆಡುತ್ತದಲ್ಲ, ಹಾಗೆ. ನೋವಿಗೆ ಹಾಗೆ ಒದ್ದಾಡುತ್ತಿದ್ದಾನೆ ಅಂದುಕೊಂಡೆ. ಬಾಯಿ ತೆರೆದಿತ್ತು, ಸದ್ದು ಮಾತ್ರ ಇಲ್ಲ. ಕೀಪರ್ ಇನ್ನೂ ಸ್ಟಂಪಿನ ಹಿಂದೆ ಥ್ರೋಗೆ ಕಾಯುತ್ತಾ ಗ್ಲೌಸ್ ಒಡ್ಡಿಕೊಂಡು ನಿಂತಿದ್ದ. ಬೌಲರ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಿದ್ದ. ಅಷ್ಟು ಜನ ಇದ್ದೆವು. ಒಬ್ಬರೂ ಅಲುಗಾಡಲಿಲ್ಲ. ದೂರದ ಬೌಂಡರಿಯಲ್ಲಿ ನಿಂತಿದ್ದವನು "ಅವನಿಗೆ ಉಸಿರು ಬರ್ತಾ ಇಲ್ಲ ಕಣ್ರೋ!" ಅಂತ ಕಿರುಚುತ್ತಾ ಓಡಿ ಬಂದ. ಆಮೇಲೆ ನಮಗೆಲ್ಲ ಕಾಲು ಬಂತು. ಓಡಿ ಹೋಗಿ ಸುತ್ತ ಮುತ್ತಿಕೊಂಡೆವು. ಒಬ್ಬ ನೀರು ಚಿಮುಕಿಸಿದ. ಇನ್ನೊಬ್ಬ ಕಾಲು ಎತ್ತಿ ಹಿಡಿದ. ಏನು ಮಾಡಬೇಕು ಅಂತ ಒಬ್ಬನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವನೇ ಜೋರಾಗಿ ಒಂದು ಉಸಿರು ಎಳೆದ. ಆ ಸದ್ದು ನಮ್ಮೆಲ್ಲರಿಗೂ ಜೀವ ಬಂದ ಹಾಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಎಲ್ಲ ಸರಿ ಇತ್ತು. ಡಾಕ್ಟರ್ ಅವನ ಅಂಗಿ ಸರಿಸಿ ತೋರಿಸಿದರು. ಎದೆಮೂಳೆ ಮುಗಿಯುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಕೆಂಪಗೆ ಒಂದು ದುಂಡನೆಯ ಗುರುತು. ಅದರೊಳಗೆ ಚುಕ್ಕಿ ಚುಕ್ಕಿಯಾಗಿ ಎರಡು ಸಾಲು. ಚೆಂಡಿನ ಹೊಲಿಗೆ ಅಚ್ಚೊತ್ತಿದ ಹಾಗೆ ಚರ್ಮದ ಮೇಲೆ ಮೂಡಿತ್ತು. ಅಲ್ಲಿ ಏಟು ಬಿದ್ದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಗಕ್ಕನೆ ಬಿಗಿದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಉಸಿರು ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ, ಆಮೇಲೆ ತಾನಾಗಿ ಸಡಿಲವಾಗುತ್ತದೆ ಅಂದರು. ಆಮೇಲೆ ನಾಲ್ಕು ಬೆರಳು ಜೋಡಿಸಿ ಆ ಗುರುತಿನ ಮೇಲ್ಗಡೆ ಎಡಕ್ಕೆ ಇಟ್ಟರು. "ಇಲ್ಲಿ ಬೀಳಲಿಲ್ಲವಲ್ಲ, ಅದು ಒಳ್ಳೇದಾಯ್ತು" ಅಂದರು. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಹೊತ್ತು ಹಿಗ್ಗುವುದು

ಮೂರ್ನಾಲ್ಕು ಸೆಕೆಂಡು ಅಂದೆ. ನೆನಪಿನಲ್ಲಿ ಮಾತ್ರ ಅದು ಅರ್ಧ ನಿಮಿಷದಷ್ಟು ಉದ್ದ ಇದೆ. ಪ್ರತಿ ಹೆಜ್ಜೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಬಿದ್ದವರು, ಬೀಳುವವರನ್ನು ನೋಡಿದವರು ಎಲ್ಲರೂ ಹೀಗೇ ಹೇಳುತ್ತಾರೆ, ಅಲ್ವಾ? "ಎಲ್ಲ ನಿಧಾನವಾಗಿ ನಡೆದ ಹಾಗೆ ಇತ್ತು" ಅಂತ. 2007ರಲ್ಲಿ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಅವರ ಜೊತೆಯವರು ಇದನ್ನು ಪರೀಕ್ಷೆ ಮಾಡಿ ನೋಡಿ ಬರೆದರು. 31 ಮೀಟರ್ ಎತ್ತರದಿಂದ ಜನರನ್ನು ಬೆನ್ನು ಕೆಳಗಾಗಿ ಬಲೆಗೆ ಬೀಳಿಸಿದರು. ಬಿದ್ದವರು ತಾವು ಬಿದ್ದ ಹೊತ್ತನ್ನು ಬೇರೆಯವರು ಬಿದ್ದ ಹೊತ್ತಿಗಿಂತ ಸುಮಾರು ಶೇಕಡಾ 36ರಷ್ಟು ಜಾಸ್ತಿ ಅಂದುಕೊಂಡರು. ಆದರೆ ಮಣಿಕಟ್ಟಿಗೆ ಕಟ್ಟಿದ್ದ ಪುಟ್ಟ ಪರದೆಯಲ್ಲಿ ವೇಗವಾಗಿ ಮಿನುಗುವ ಅಂಕಿಗಳನ್ನು ಓದುವುದಕ್ಕೆ ಅವರಿಂದ ಆಗಲಿಲ್ಲ. ಅಂದರೆ ಕಣ್ಣು ಚುರುಕಾಗಿರಲಿಲ್ಲ. ಹೊತ್ತೂ ನಿಧಾನವಾಗಿರಲಿಲ್ಲ. ಹೆದರಿದಾಗ ನೆನಪು ಒತ್ತಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಬಿಚ್ಚಿ ನೋಡಿದರೆ ಉದ್ದ ಕಾಣುತ್ತದೆ.

ಇದನ್ನು ಓದಿದ ದಿನ ನನಗೆ ಸ್ವಲ್ಪ ಸಮಾಧಾನ ಆಯಿತು. ನೆನಪಿನಲ್ಲಿ ನನಗೆ ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತು ಇತ್ತು. ಇದ್ದೂ ಯೋಚಿಸಲಿಲ್ಲ ಅನ್ನುವುದೇ ನನ್ನನ್ನು ಕೊರೆಯುತ್ತಿದ್ದದ್ದು. ನಿಜವಾಗಿ ಅಷ್ಟು ಹೊತ್ತು ಇರಲೇ ಇಲ್ಲ. ಆದರೆ ಸಮಾಧಾನ ಪೂರ್ತಿ ಆಗಲಿಲ್ಲ. ದೂರದಿಂದ ಓಡಿ ಬಂದವನಿಗೂ ಇದ್ದದ್ದು ಅಷ್ಟೇ ಹೊತ್ತು.

ಒದ್ದವರು ಯಾರು?

ಇನ್ನೊಂದು ಸಲ ಏಟು ಬಿದ್ದದ್ದು ನನಗೇ. ಬ್ಯಾಡ್ಮಿಂಟನ್, ಸಿಂಗಲ್ಸ್. ಎದುರಾಳಿ ನೆಟ್ ಹತ್ತಿರ ಮೆಲ್ಲಗೆ ಡ್ರಾಪ್ ಹಾಕಿದ. ಹಿಂದೆ ಇದ್ದವನು ಕಾಲು ಒತ್ತಿ ಮುಂದಕ್ಕೆ ಜಿಗಿದೆ. ಎಡಗಾಲಿನ ಹಿಮ್ಮಡಿಯ ಮೇಲೆ ಯಾರೋ ಹಿಂದಿನಿಂದ ಜಾಡಿಸಿ ಒದ್ದರು. 'ಟಪ್' ಅಂತ ಸದ್ದೂ ಬಂತು. ಸಿಟ್ಟು ಬಂತು. "ಯಾವನೋ ಅದು?" ಅಂತ ತಿರುಗಿದೆ.

ಹಿಂದೆ ಯಾರೂ ಇರಲಿಲ್ಲ. ಖಾಲಿ ಕೋರ್ಟು, ಬಿಳಿ ಗೆರೆ, ಗೋಡೆ. ನೋವು ಇನ್ನೂ ಶುರುವಾಗಿರಲಿಲ್ಲ. ಮೈ ಜುಂ ಅಂದಿತು. ದೆವ್ವ ಭೂತ ನಂಬುವವನಲ್ಲ ನಾನು. ಆದರೆ ಆ ಒಂದು ಗಳಿಗೆ ನನ್ನ ಹಿಂದೆ ಕಾಣದ ಯಾರೋ ಇದ್ದಾರೆ ಅಂತ ನಿಜವಾಗಿ ಅನಿಸಿತು. ಆಮೇಲೆ ಒಂದು ಹೆಜ್ಜೆ ಇಟ್ಟೆ. ಪಾದ ನನ್ನ ಮಾತು ಕೇಳಲಿಲ್ಲ. ಮರಳಿನಲ್ಲಿ ಕಾಲಿಟ್ಟ ಹಾಗೆ ಕುಸಿಯಿತು.

ಅಕಿಲಿಸ್ ಟೆಂಡನ್ ಹರಿದಿತ್ತು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿ ಅದು, ಮೈಯಲ್ಲೇ ಅತಿ ಗಟ್ಟಿಯಾದದ್ದು. ಡಾಕ್ಟರ್ ನನ್ನನ್ನು ಬೋರಲಾಗಿ ಮಲಗಿಸಿ, ಪಾದ ಮಂಚದಿಂದ ಆಚೆ ಇಳಿಬಿಡಿಸಿ, ಬಲಗಾಲಿನ ಮೀನಖಂಡ ಹಿಂಡಿದರು. ಪಾದ ತಾನಾಗಿ ಕೆಳಕ್ಕೆ ಬಾಗಿತು. ಎಡಗಾಲಿನದ್ದು ಹಿಂಡಿದರು. ಪಾದ ಸುಮ್ಮನೆ ತೂಗಾಡಿತು, ಬೇರೆ ಯಾರದ್ದೋ ಪಾದದ ಹಾಗೆ. "ಹಿಂದಿನಿಂದ ಯಾರೋ ಒದ್ದ ಹಾಗೆ ಆಯ್ತಾ?" ಅಂತ ಕೇಳಿದರು. ನಾನು ಇನ್ನೂ ಅದನ್ನು ಹೇಳಿರಲೇ ಇಲ್ಲ. ಇದು ಹರಿದವರಲ್ಲಿ ಜಾಸ್ತಿ ಜನ ತಿರುಗಿ ನೋಡುತ್ತಾರಂತೆ, ಒದ್ದವರನ್ನು ಹುಡುಕುತ್ತಾರಂತೆ. ಮಿದುಳಿಗೆ ಒಂದು ಏಟು ಗೊತ್ತಾಗುತ್ತದೆ. ಏಟು ಅಂದಮೇಲೆ ಕೊಟ್ಟವರು ಇರಲೇಬೇಕು ಅಲ್ವಾ? ತನ್ನ ಮೈಯೇ ತುಂಡಾಗಿದೆ ಅನ್ನುವುದು ಅದಕ್ಕೆ ಹೊಳೆಯುವುದೇ ಇಲ್ಲ.

2013ರ ಏಪ್ರಿಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್‌ಗೆ ಇದೇ ಟೆಂಡನ್ ಹರಿಯಿತು. ಆತ ಅಲ್ಲೇ ನಿಂತು ಎರಡು ಫ್ರೀ ಥ್ರೋ ಎಸೆದ. ಎರಡೂ ಬುಟ್ಟಿಗೆ ಬಿದ್ದವು. ಆಮೇಲೆ ನಡೆದುಕೊಂಡೇ ಹೊರಗೆ ಹೋದ. 2002ರಲ್ಲಿ ಆಂಟಿಗಾದಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದು ಯಾರಿಗೆ ಗೊತ್ತಿಲ್ಲ. ನಾವು ಇದನ್ನೆಲ್ಲ ಧೈರ್ಯ ಅಂತ ಮೆಚ್ಚುತ್ತೇವೆ. ನಾನೂ ಮನಸಾರೆ ಮೆಚ್ಚುತ್ತೇನೆ, ಆ ಬ್ಯಾಂಡೇಜಿನ ಚಿತ್ರ ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ನನ್ನ ಕಾಲು ಹರಿದ ಮೇಲೆ ಇನ್ನೊಂದೂ ಅನಿಸಿತು. ಮೈ ಮುರಿದರೂ ಒಳಗೆ ಆಟ ನಿಲ್ಲುವುದಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಫ್ಯಾನ್ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದಲ್ಲ, ಹಾಗೆ. ನೋವು ನಮ್ಮದೇ ಆಗಿದ್ದರೆ ಅದು ಧೈರ್ಯ ಆಗಬಹುದು. ಬಿದ್ದವನು ಇನ್ನೊಬ್ಬನಾಗಿದ್ದರೆ?

ನಾಲ್ಕು ಬೆರಳು ಮೇಲೆ

ಡಾಕ್ಟರ್ ನಾಲ್ಕು ಬೆರಳು ಇಟ್ಟು ತೋರಿಸಿದ್ದರ ಅರ್ಥ ನನಗೆ ಆದದ್ದು ಎಷ್ಟೋ ಕಾಲದ ಮೇಲೆ, 2023ರ ಜನವರಿ 2ರ ಆಟದ ವಿಡಿಯೋ ನೋಡಿದಾಗ. ಅಮೆರಿಕನ್ ಫುಟ್‌ಬಾಲ್, ಬಫಲೋ ಬಿಲ್ಸ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್. ದಮಾರ್ ಹ್ಯಾಮ್ಲಿನ್ ಅನ್ನುವ ಹುಡುಗ ಎದುರಾಳಿಯನ್ನು ತಡೆಯುತ್ತಾನೆ. ಎದೆಗೆ ಏಟು ಬೀಳುತ್ತದೆ. ಆ ಆಟದಲ್ಲಿ ಅದೇನೂ ದೊಡ್ಡ ಏಟಲ್ಲ. ಎದ್ದು ನಿಲ್ಲುತ್ತಾನೆ. ಹೆಲ್ಮೆಟ್ ಸರಿಮಾಡಿಕೊಳ್ಳುವ ಹಾಗೆ ಕೈ ಎತ್ತುತ್ತಾನೆ. ಆಮೇಲೆ ಕಡಿದ ಮರದ ಹಾಗೆ ಹಿಂದಕ್ಕೆ ಬೀಳುತ್ತಾನೆ. ನನ್ನನ್ನು ಬೆಚ್ಚಿಬೀಳಿಸಿದ್ದು ಆ ಬೀಳುವುದಕ್ಕಿಂತ ಜಾಸ್ತಿ ಆ ಎದ್ದು ನಿಂತದ್ದು. ಹೃದಯ ತಪ್ಪಾಗಿ ಬಡಿಯಲು ಶುರು ಮಾಡಿದ ಮೇಲೂ ಒಂದೆರಡು ಸೆಕೆಂಡು ಅವನು ಆಟದಲ್ಲೇ ಇದ್ದ.

ಇದಕ್ಕೆ ಕಮೋಷಿಯೋ ಕಾರ್ಡಿಸ್ ಅಂತ ಹೆಸರು. ಹೃದಯದಲ್ಲಿ ಯಾವ ರೋಗವೂ ಬೇಡ. ಪ್ರತಿ ಬಡಿತದಲ್ಲೂ ಹೃದಯ ಮುಂದಿನ ಬಡಿತಕ್ಕೆ ಸಿದ್ಧವಾಗುವ ಪುಟ್ಟದೊಂದು ಗಳಿಗೆ ಇರುತ್ತದೆ. ಸುಮಾರು 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐವತ್ತನೇ ಒಂದು ಪಾಲು. ಸರಿಯಾಗಿ ಆಗಲೇ, ಸರಿಯಾಗಿ ಹೃದಯದ ಮೇಲೇ ಏಟು ಬಿದ್ದರೆ ಬಡಿತದ ಲಯ ತಪ್ಪುತ್ತದೆ. ಹೃದಯ ರಕ್ತ ತಳ್ಳುವುದನ್ನು ಬಿಟ್ಟು ಸುಮ್ನೆ ನಡುಗುತ್ತದೆ. ಸ್ವಲ್ಪ ಮುಂಚೆ ಬಿದ್ದರೆ ಏನೂ ಇಲ್ಲ. ಸ್ವಲ್ಪ ಆಮೇಲೆ ಬಿದ್ದರೂ ಏನೂ ಇಲ್ಲ. ಏಟು ತುಂಬ ಜೋರಾಗಿಯೇ ಇರಬೇಕು ಅಂತಲೂ ಇಲ್ಲ. ಬೇಸ್‌ಬಾಲ್, ಕ್ರಿಕೆಟ್, ಹಾಕಿ ಚೆಂಡಿನಂಥ ಗಟ್ಟಿ ಚೆಂಡು ಸಾಕು. ನನ್ನ ಗೆಳೆಯನಿಗೆ ಬಿದ್ದ ಚೆಂಡು ನಾಲ್ಕು ಬೆರಳು ಕೆಳಗೆ ಬಿತ್ತು.

ಹ್ಯಾಮ್ಲಿನ್ ಬದುಕಿದ. ಮೈದಾನದಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಆಮೇಲೆ ಆಟಕ್ಕೂ ಮರಳಿದ. ಅದಕ್ಕೂ ಮೊದಲು, 2021ರ ಜೂನ್ 12ರಂದು, ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ಎದುರು ಆಡುವಾಗ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದದ್ದು ನಿಮಗೆ ನೆನಪಿರಬಹುದು. ಥ್ರೋ ಇನ್ ಚೆಂಡು ತೆಗೆದುಕೊಳ್ಳಲು ಬಂದವನು ಯಾರೂ ಮುಟ್ಟದೆ ಮುಂದಕ್ಕೆ ಕುಸಿದ. ಎಲ್ಲರೂ ಅವನನ್ನು ನೋಡಿದ್ದಾರೆ. ನಾನು ಮತ್ತೆ ಮತ್ತೆ ನೋಡಿದ್ದು ಸುತ್ತ ಇದ್ದವರನ್ನು. ರೆಫರಿ ಆಂಥೊನಿ ಟೇಲರ್ ತಡಮಾಡದೆ ಆಟ ನಿಲ್ಲಿಸಿ ವೈದ್ಯರನ್ನು ಕರೆಯುತ್ತಾರೆ. ನಾಯಕ ಸಿಮೊನ್ ಕೇರ್ ಓಡಿ ಬರುತ್ತಾನೆ. ಆಮೇಲೆ ತಂಡದವರೆಲ್ಲ ಸುತ್ತ ಗೋಡೆಯ ಹಾಗೆ ನಿಲ್ಲುತ್ತಾರೆ, ಹೆಚ್ಚಿನವರು ಬೆನ್ನು ಒಳಗೆ, ಮುಖ ಹೊರಗೆ ಮಾಡಿಕೊಂಡು. ಅಳುತ್ತಿದ್ದಾರೆ, ಆದರೂ ನಿಂತಿದ್ದಾರೆ, ಗೆಳೆಯನ ಆ ಹೊತ್ತನ್ನು ಕ್ಯಾಮೆರಾ ಕಣ್ಣಿಂದ ಮುಚ್ಚುವುದಕ್ಕೆ. ಅವರ ಒಳಗಿನ ಫ್ಯಾನ್ ಅಷ್ಟು ಬೇಗ ನಿಂತಿತು. ಅದು ಹೇಗೆ ಸಾಧ್ಯವಾಯಿತು ಅಂತ ನನಗೆ ಹೊಟ್ಟೆಯಲ್ಲಿ ಸಂಕಟ ಆಗುವಷ್ಟು ಆಸೆ ಆಗುತ್ತದೆ. ಎರಿಕ್ಸನ್ ಎದೆಯಲ್ಲಿ ಒಂದು ಸಣ್ಣ ಯಂತ್ರ ಕೂರಿಸಿಕೊಂಡು ಎಂಟು ತಿಂಗಳಲ್ಲಿ ಮತ್ತೆ ಆಡಿದ. 2024ರ ಯೂರೋದಲ್ಲಿ ಗೋಲನ್ನೂ ಹೊಡೆದ.

ಇದನ್ನು ನೋಡಿದ ಮೇಲೆ ನಾನು ಸಿಪಿಆರ್ ಕಲಿತೆ. ಪ್ಲಾಸ್ಟಿಕ್ ಗೊಂಬೆಯ ಎದೆಯ ಮೇಲೆ, ಒಂದು ಮಧ್ಯಾಹ್ನ. ಎದೆಯ ನಡುವೆ ಅಂಗೈ ಬುಡ ಇಟ್ಟು, ಮೊಣಕೈ ಬಗ್ಗಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಅಷ್ಟು ಆಳ ಒತ್ತಬೇಕು ಅಂತ ಗೊತ್ತೇ ಇರಲಿಲ್ಲ. ಎರಡು ನಿಮಿಷಕ್ಕೆ ತೋಳು ಸೋತು ಹೋಗುತ್ತದೆ. ಕಲಿಸಿದವರು ಹೇಳಿದ ಒಂದು ಮಾತು ಇಲ್ಲಿ ಬರೆಯಲೇಬೇಕು. ಹೃದಯ ನಿಂತವರೂ ಕೆಲವು ಸಲ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಆಗಾಗ ಗೊರಕೆಯ ಹಾಗೆ, ಮೀನು ಬಾಯಿ ಬಿಟ್ಟ ಹಾಗೆ ಉಸಿರು ಎಳೆಯುತ್ತಾರೆ. ನೋಡಿದವರು "ಉಸಿರಾಡ್ತಾ ಇದ್ದಾರೆ, ಪರವಾಗಿಲ್ಲ" ಅಂತ ಕಾಯುತ್ತಾ ನಿಲ್ಲುತ್ತಾರೆ. ಅದು ಉಸಿರಾಟ ಅಲ್ಲ. ಕರೆದರೆ ಓಗೊಡದಿದ್ದರೆ, ಉಸಿರು ಸರಿ ಇಲ್ಲದಿದ್ದರೆ ಕಾಯಬಾರದು. ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ತರಿಸಿ, ಒತ್ತಲು ಶುರು ಮಾಡಬೇಕು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಆವತ್ತು ನಾವು ನೀರು ಚಿಮುಕಿಸಿ ಕಾಲು ಎತ್ತಿ ಹಿಡಿದು ನಿಂತಿದ್ದೆವು.

ಹೊಡೆದವನ ಕಡೆಯಿಂದ

2014ರ ನವೆಂಬರ್ 25. ಸಿಡ್ನಿ ಮೈದಾನದಲ್ಲಿ ಶಾನ್ ಅಬಾಟ್ ಹಾಕಿದ ಬೌನ್ಸರ್ ಫಿಲಿಪ್ ಹ್ಯೂಸ್ ಕುತ್ತಿಗೆಗೆ ಬಡಿಯಿತು. ಹ್ಯೂಸ್ ಹುಕ್ ಮಾಡಲು ಹೋಗಿ ತಿರುಗಿದ್ದ. ಹೆಲ್ಮೆಟ್ ಮುಚ್ಚದ ಜಾಗ ಅದು. ಮಂಡಿಗೆ ಕೈ ಊರಿ ಒಂದು ಗಳಿಗೆ ಬಗ್ಗಿ ನಿಂತ. ಮತ್ತೆ ಮುಖ ಅಡಿಯಾಗಿ ಬಿದ್ದ. ಎರಡು ದಿನಕ್ಕೆ ತೀರಿಹೋದ. ಇನ್ನೂ 25 ವರ್ಷ. 63 ರನ್ ಹೊಡೆದು ಆಡುತ್ತಿದ್ದ. ಆಮೇಲೆ ಸ್ಕೋರಿನಲ್ಲಿ ಗಾಯಗೊಂಡು ನಿವೃತ್ತ ಅಂತ ಇದ್ದದ್ದನ್ನು ತೆಗೆದು 63 ನಾಟೌಟ್ ಅಂತ ಬರೆದರು. ಆ ತಿದ್ದುಪಡಿಯ ಬಗ್ಗೆ ಓದಿದ ದಿನ ನಾನು ಅತ್ತಿದ್ದೇನೆ.

ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಅಬಾಟ್ ಹತ್ತಿರ. ಆಗ ಅವನಿಗೆ 22. ಅವನು ತಪ್ಪು ಮಾಡಿರಲಿಲ್ಲ. ಬೌನ್ಸರ್ ಹಾಕುವುದು ಆಟದ ಒಂದು ಭಾಗ, ಹ್ಯೂಸ್ ಅಂಥ ನೂರಾರು ಬಾಲ್ ಆಡಿದ್ದ. ತಪ್ಪಿಲ್ಲ ಅಂತ ಎಲ್ಲರೂ ಅವನಿಗೆ ಹೇಳಿದರು. ತಪ್ಪಿಲ್ಲ ಅನ್ನುವುದು ನಿಜ, ಆದರೆ ಕೈ ಅವನದೇ ಅಲ್ವಾ? ಎರಡು ವಾರದ ಮೇಲೆ ಅದೇ ಮೈದಾನದಲ್ಲಿ ಮತ್ತೆ ಬೌಲ್ ಮಾಡಿದ. 14 ರನ್ನಿಗೆ 6 ವಿಕೆಟ್ ತೆಗೆದ. ಓಡಿ ಬಂದು ಮೊದಲ ಶಾರ್ಟ್ ಬಾಲ್ ಹಾಕುವಾಗ ಅವನ ಭುಜ ಎಷ್ಟು ಭಾರ ಆಗಿತ್ತೋ ಅಂತ ಯೋಚಿಸುತ್ತೇನೆ. ನನ್ನ ವಿಷಯ ಇದಕ್ಕೆ ಹೋಲಿಸುವಂಥದ್ದೇ ಅಲ್ಲ. ನನ್ನ ಗೆಳೆಯ ಮಾರನೇ ದಿನವೇ ಎದ್ದು ಓಡಾಡಿದ. ಆದರೂ ಅದಾದ ಮೇಲೆ ತುಂಬ ದಿನ ಶಾರ್ಟ್ ಲೆಗ್‌ನಲ್ಲಿ ಯಾರಾದರೂ ನಿಂತಿದ್ದರೆ ನನಗೆ ಪುಲ್ ಹೊಡೆಯಲು ಆಗುತ್ತಿರಲಿಲ್ಲ. ಬ್ಯಾಟ್ ಅರ್ಧಕ್ಕೆ ನಿಲ್ಲುತ್ತಿತ್ತು.

ಲೆಕ್ಕಕ್ಕೆ ಬಾರದ ಎಸೆತ

1936ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡಿಗೆ ಹಾರುತ್ತಿದ್ದ ಗುಬ್ಬಚ್ಚಿ ಸಿಕ್ಕಿ ಸತ್ತಿತು. ಆ ಗುಬ್ಬಚ್ಚಿಯನ್ನು ಇವತ್ತಿಗೂ ಆ ಚೆಂಡಿನ ಜೊತೆ ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. 2001ರ ಮಾರ್ಚ್ 24ರಂದು ಬೇಸ್‌ಬಾಲ್ ಬೌಲರ್ ರ‍್ಯಾಂಡಿ ಜಾನ್ಸನ್ ಎಸೆತದ ದಾರಿಗೆ ಒಂದು ಪಾರಿವಾಳ ಅಡ್ಡ ಬಂತು. ಬಿಳಿ ಪುಕ್ಕದ ಮೋಡ ಎದ್ದದ್ದಷ್ಟೇ ಕಾಣುತ್ತದೆ. ಜನ ಇದನ್ನು ತಮಾಷೆ ಅಂತ ಹಂಚಿಕೊಳ್ಳುತ್ತಾರೆ. ನನಗೆ ನಗು ಬರುವುದಿಲ್ಲ. ಆ ಹಕ್ಕಿಗೆ ತಾನು ಒಂದು ಆಟದ ನಡುವೆ ಹಾರುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಅಂಪೈರ್ ಆ ಎಸೆತವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ತೀರ್ಮಾನ ನನಗೆ ತುಂಬ ಹಿಡಿಸಿತು. ಈಗ ನಡೆದದ್ದು ಆಟ ಅಲ್ಲ ಅಂತ ಒಬ್ಬರು ಬಾಯಿಬಿಟ್ಟು ಹೇಳಬೇಕು.

ಕ್ರಿಕೆಟ್ ನಿಯಮದಲ್ಲೂ ಇದು ಇದೆ. ಆಟಗಾರನಿಗೋ ಅಂಪೈರ್‌ಗೋ ಗಂಭೀರ ಪೆಟ್ಟಾದರೆ ಅಂಪೈರ್ 'ಡೆಡ್ ಬಾಲ್' ಅಂತ ಕೂಗಬೇಕು. ಕೂಗಿದ ಕೂಡಲೇ ಎಲ್ಲ ನಿಲ್ಲುತ್ತದೆ. ಆವತ್ತು ನಮ್ಮ ಆಟದಲ್ಲಿ ಯಾರೂ ಕೂಗಲಿಲ್ಲ. ನಾನಾದರೂ ಬ್ಯಾಟ್ ಕೆಳಗೆ ಹಾಕಿದ್ದರೆ ಸಾಕಿತ್ತು. ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ಸ್ಕೋರ್ ಬುಕ್ ತೆಗೆದು ನೋಡಿದೆ. ನನ್ನ ಹೆಸರಿನ ಮುಂದೆ, ಕೊನೆಯಲ್ಲಿ, ಪೆನ್ಸಿಲ್‌ನಲ್ಲಿ ನೀಟಾಗಿ 1 ಅಂತ ಬರೆದಿತ್ತು. ಸ್ಕೋರರ್ ಕೂಡ ತನ್ನ ಕೆಲಸ ಮಾಡಿ ಮುಗಿಸಿದ್ದ.

ಇದನ್ನು ಗೆಳೆಯನಿಗೆ ಹೇಳಲು ನನಗೆ ತುಂಬ ವರ್ಷ ಬೇಕಾಯಿತು. ಹೋದ ತಿಂಗಳು ಸಿಕ್ಕಿದ್ದ. ಮಾತಿಗೆ ಮಾತು ಬಂದು ಆ ದಿನದ ವಿಷಯ ಬಂತು. ಅಂಗಿ ಎತ್ತಿ, "ನೋಡು, ಗುರುತು ಎಲ್ಲೋ ಹೋಯ್ತು" ಅಂದ. ನಾನು ನೆಲ ನೋಡುತ್ತಾ ಹೇಳಿಬಿಟ್ಟೆ. "ನೀನು ಬಿದ್ದಾಗ ನಾನು ರನ್ ಓಡಿದೆ ಕಣೋ. ತಿರುಗಿದ್ದೂ ನಿನ್ನನ್ನ ನೋಡೋಕಲ್ಲ. ಇನ್ನೊಂದು ರನ್ ಇದೆಯಾ ಅಂತ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಇಟ್ಟು ಮೆಲ್ಲಗೆ ಅತ್ತಿತ್ತ ಸವರಿದ. ಆ ಕೈ ನನಗೆ ಗುರುತು ಸಿಕ್ಕಿತು.

"ಗೊತ್ತು. ನೀನು ಓಡಿದ ಸದ್ದು ಕೇಳಿಸ್ತು. ನಾನು ಬಾಲ್ ಹುಡುಕ್ತಾ ಇದ್ದೆ. ಸಿಕ್ಕಿದ್ರೆ ನಿನ್ನ ರನೌಟ್ ಮಾಡೋಣ ಅಂತ."